ಸರ್ ಎಂ. ವಿಶ್ವೇಶ್ವರಯ್ಯನವರು

ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಕನ್ನಡಿಗರ ಕಣ್ಣ ಮುಂದೆ ಕನ್ನಂಬಾಡಿ ಕಟ್ಟೆ ನಿಲ್ಲುವುದು ಸಹಜ. ಆದರೆ ಹೊಟ್ಟೆಪಾಡಿಗೆಂದು ಊರು ಬಿಟ್ಟು ಸಾನಪಾಡಾದಲ್ಲಿ ನೆಲೆ ನಿಂತ ನಾವು ನೆನೆಯಬೇಕಾದ ಇನ್ನೊಂದು ಸಂಗತಿಯುಂಟು. ಅವರೂ ತಮ್ಮ ಪ್ರಾಯದ ಸುಮಾರು 24 ವರ್ಷಗಳನ್ನು ಮುಂಬಯಿ ಪ್ರಾಂತದ ಚಾಕರಿಯಲ್ಲೇ ಸವೆಸಿದವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಲೋಕೋಪಯೋಗಿ ಇಲಾಖೆಯ ಕೆಲಸ. ನಾಸಿಕ, ಖಾನದೇಶ, ಪುಣೆ, ಸಿಂಧದ ಸಕ್ಕರ್ ಎಂದು ತಿರುಗಾಟ.

ಪುಣೆಗೆ ನೀರುಣಿಸುವ ಖಡಕವಾಸಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗುತ್ತಿತ್ತು. ಕೋಡಿಯ ಗೋಡೆಯನ್ನೇ ಏರಿಸೋಣವೆಂದರೆ ಪ್ರವಾಹ ಬಂದಾಗ ಹಳೆಯ ಕಟ್ಟೆಗೆ ಅಪಾಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವೇ ಕಲ್ಪಿಸಿದ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಅವು ತೂಕ ಪ್ರತಿತೂಕಗಳ ಆಟದಿಂದ ತಾವಾಗಿ ತೆರೆಯುವುವು, ಇಳಿದರೆ ಮುಚ್ಚಿಕೊಳ್ಳುವುವು. ಸುರಿಮಳೆಯ ನಡುರಾತ್ರಿಯಲ್ಲಿ ಕಾವಲುಗಾರನು ಓಡಿ ಹೋಗಬೇಕಾಗಿಲ್ಲ. ಇದು 1903ರ ಮಾತು.

ಇಷ್ಟಾದರೂ ತಮಗಿಂತ ಹಿರಿಯರು ಹಲವರಿದ್ದುದರಿಂದ ಮುಖ್ಯ ಇಂಜಿನಿಯರ್ ಪದವಿ ದೊರೆಯುವ ಸೂಚನೆಯಿರಲಿಲ್ಲ. 1908ರಲ್ಲಿ ಅವರು ಚಾಕರಿ ಬಿಟ್ಟರು. ನಿಂತ ನೆಲ ಬಿಡುವುದೆಂದರೇನೆಂಬುದು ನಮಗೆ ಗೊತ್ತು; ನಲವತ್ತೇಳರ ಆಸುಪಾಸಿನಲ್ಲಿ ಅದು ಸಣ್ಣ ಧೈರ್ಯವಲ್ಲ. ಮೂಸಿ ನದಿಯ ಪ್ರವಾಹದಿಂದ ಹಾಳಾದ ಹೈದರಾಬಾದಿಗೆ ರಕ್ಷಣೆಯ ಯೋಜನೆ ಹಾಕಿಕೊಟ್ಟು, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು.

ಕನ್ನಂಬಾಡಿಯ ಕೆಲಸ 1911ರಲ್ಲಿ ಮೊದಲಾಯಿತು. ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೊದಲಿಗೆ ಸಿಕ್ಕಿದ್ದು ತಗ್ಗಿನ ಕಟ್ಟೆಗೆ ಮಾತ್ರ ಅಪ್ಪಣೆ. ಇವರಾದರೋ ಎತ್ತರದ ಕಟ್ಟೆಗೆ ಸಾಕಾಗುವಷ್ಟು ಅಗಲವಾಗಿ ಅಡಿಪಾಯ ಹಾಕಿಸಿದರು. ಒಪ್ಪಿಗೆ ಬಾರದೆ ಹೋಗಿದ್ದರೆ ಆ ಹಣವೆಲ್ಲ ದಂಡ, ಹೆಸರೂ ಹಾಳು! 1924ರಲ್ಲಿ ಒಪ್ಪಂದವಾಯಿತು, ಕಟ್ಟೆ ಪೂರ್ಣ ಎತ್ತರಕ್ಕೇ ಏರಿತು.

1912ರಿಂದ ದಿವಾನರಾಗಿದ್ದಾಗ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರೊಡನೆ ಅಭಿಪ್ರಾಯಭೇದ ಬಂದು 1918ರಲ್ಲಿ ರಾಜೀನಾಮೆ ಕೊಟ್ಟರು. ಈ ಒಂದು ವಿಷಯದಲ್ಲಿ ಮಹಾರಾಜರೇ ದೂರ ಕಂಡವರೆಂದು ನಮಗೆ ತೋರುತ್ತದೆ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಕಾಲವಾದರು. ಸಮಾಧಿಯಿರುವುದು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ.