ಹರ್ಮನ್ ಬೂಲ್

ಹರ್ಮನ್ ಬೂಲ್ (21 ಸೆಪ್ಟೆಂಬರ್ 1924 – 27 ಜೂನ್ 1957) ಆಸ್ಟ್ರಿಯಾ ದೇಶದ ಪ್ರಸಿದ್ಧ ಪರ್ವತಾರೋಹಿ. ನಂಗಾ ಪರ್ಬತ್ ಶಿಖರವನ್ನು ಮೊತ್ತಮೊದಲು ಏರಿದವರು ಇವರು. 8,000 ಮೀಟರಿಗೂ ಎತ್ತರವಾದ ಹದಿನಾಲ್ಕು ಶಿಖರಗಳ ಪೈಕಿ ಮೊದಲ ಆರೋಹಣವನ್ನು ಒಬ್ಬರೇ ಸಾಧಿಸಿದ್ದು ಇಲ್ಲಿ ಮಾತ್ರ.

ಆರಂಭಿಕ ಜೀವನ

ಬೂಲ್ ಅವರು ಇನ್ಸ್‌ಬ್ರುಕ್ ನಗರದಲ್ಲಿ ನಾಲ್ವರು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದರು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು ಕೆಲವು ವರ್ಷ ಅನಾಥಾಲಯದಲ್ಲಿ ಬೆಳೆದರು. ಹದಿಹರೆಯದಲ್ಲಿಯೇ ಟೈರೋಲ್ ಪ್ರಾಂತ್ಯದ ಕಡಿದಾದ ಬಂಡೆಗಳನ್ನು ಏರುವುದರಲ್ಲಿ ನಿಪುಣರಾದರು. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಪಡೆಯ ಸೈನಿಕರಾಗಿ ಇಟಲಿಯಲ್ಲಿ ಹೋರಾಡಿ, ಅಮೆರಿಕನ್ ಸೇನೆಗೆ ಸೆರೆಸಿಕ್ಕರು. ಬಿಡುಗಡೆಯಾದ ಮೇಲೆ ಸಿಕ್ಕ ಕೆಲಸಗಳನ್ನು ಮಾಡುತ್ತಲೇ ಪರ್ವತ ಮಾರ್ಗದರ್ಶಿಯ ತರಬೇತಿ ಪೂರೈಸಿದರು. 1952ರಲ್ಲಿ ಆಲ್ಪ್ಸ್ ಪರ್ವತಶ್ರೇಣಿಯ ಪಿಜ್ ಬಡೀಲೆ ಶಿಖರದ ಈಶಾನ್ಯ ಮುಖವನ್ನು ಒಬ್ಬರೇ ಏರಿದರು.

ನಂಗಾ ಪರ್ಬತ್

ನಗ್ನ ಪರ್ವತ ಎಂಬ ಅರ್ಥದ ಹೆಸರುಳ್ಳ ಈ 8,126 ಮೀಟರ್ ಎತ್ತರದ ಶಿಖರವು ಹಿಮಾಲಯದ ಪಶ್ಚಿಮ ತುದಿಯಲ್ಲಿ, ಪಾಕಿಸ್ತಾನದ ಆಡಳಿತದಲ್ಲಿರುವ ಪ್ರದೇಶದಲ್ಲಿದೆ. 1895ರಿಂದ ನಡೆದ ವಿಫಲ ಯತ್ನಗಳಲ್ಲಿ 31 ಮಂದಿ ಇಲ್ಲಿ ಪ್ರಾಣ ಕಳೆದುಕೊಂಡಿದ್ದರು. 1953ರಲ್ಲಿ ಕಾರ್ಲ್ ಹೆರ್ಲಿಗ್‌ಕೋಫರ್ ನೇತೃತ್ವದ ಜರ್ಮನ್–ಆಸ್ಟ್ರಿಯನ್ ತಂಡದಲ್ಲಿ ಬೂಲ್ ಸೇರಿದರು. ಕೆಳಗಿಳಿಯುವಂತೆ ನಾಯಕತ್ವದಿಂದ ಆಜ್ಞೆ ಬಂದಾಗ, ಹವಾಮಾನ ತಿಳಿಯಾಗಿದ್ದುದನ್ನು ಕಂಡ ಮೇಲಿನ ಶಿಬಿರದವರು ಅದನ್ನು ಪಾಲಿಸಲಿಲ್ಲ.

ಜುಲೈ 3ರ ನಸುಕಿನಲ್ಲಿ ಬೂಲ್ ಸುಮಾರು 6,900 ಮೀಟರ್ ಎತ್ತರದ ಕೊನೆಯ ಶಿಬಿರದಿಂದ ಹೊರಟರು. ಜೊತೆಗಾರ ಓಟೋ ಕೆಂಪ್ಟರ್ ಹಿಂದುಳಿದರು. ಹೊರೆ ತಗ್ಗಿಸಲು ಬೂಲ್ ಬೆನ್ನುಚೀಲವನ್ನೂ ದಾರಿಯಲ್ಲೇ ಬಿಟ್ಟು, ಕೃತಕ ಆಮ್ಲಜನಕವಿಲ್ಲದೆ ಸಂಜೆ 7 ಗಂಟೆಗೆ ಶಿಖರ ತಲುಪಿದರು. ತಮ್ಮ ಹಿಮಗೊಡಲಿಯನ್ನು ಅಲ್ಲಿಯೇ ನೆಟ್ಟು ಬಂದರು.

ಇಳಿಯುವುದು ಏರಿದ್ದಕ್ಕಿಂತ ಕಠಿಣವಾಯಿತು. ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಉಕ್ಕಿನ ಮುಳ್ಳುಪಟ್ಟಿಗಳಲ್ಲಿ ಒಂದು ಕಳಚಿಹೋಯಿತು. ಅಷ್ಟರಲ್ಲಿ ಕತ್ತಲಾಯಿತು. ಸುಮಾರು 8,000 ಮೀಟರ್ ಎತ್ತರದಲ್ಲಿ, ಡೇರೆಯಿಲ್ಲದೆ, ಕುಳಿತುಕೊಳ್ಳಲೂ ಜಾಗವಿಲ್ಲದ ಬಂಡೆಯಂಚಿನಲ್ಲಿ ಅವರು ನಿಂತೇ ರಾತ್ರಿ ಕಳೆದರು. ಗಾಳಿ ಬೀಸದಿದ್ದುದು ಅವರನ್ನು ಉಳಿಸಿತು. ಹೊರಟ ಸುಮಾರು 41 ಗಂಟೆಗಳ ಬಳಿಕ ಶಿಬಿರಕ್ಕೆ ಮರಳಿದರು. ಹಿಮಗಾಯದಿಂದಾಗಿ ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಬ್ರಾಡ್ ಪೀಕ್ ಮತ್ತು ಮರಣ

1957ರ ಜೂನ್ 9ರಂದು ಬೂಲ್ ಅವರು ಮಾರ್ಕುಸ್ ಶ್ಮುಕ್, ಫ್ರಿಟ್ಜ್ ವಿಂಟರ್‌ಸ್ಟೆಲ್ಲರ್ ಹಾಗೂ ಕುರ್ಟ್ ಡೀಂಬರ್ಗರ್ ಅವರೊಂದಿಗೆ ಕಾರಕೋರಂ ಶ್ರೇಣಿಯ ಬ್ರಾಡ್ ಪೀಕ್ ಶಿಖರದ ಮೊದಲ ಆರೋಹಣ ಮಾಡಿದರು. ಎತ್ತರದ ಶಿಬಿರಗಳಿಗೆ ಸಾಮಾನುಗಳನ್ನು ಈ ನಾಲ್ವರೇ ಹೊತ್ತಿದ್ದರು. ಕೃತಕ ಆಮ್ಲಜನಕವನ್ನು ಬಳಸಲಿಲ್ಲ.

ಹದಿನೆಂಟು ದಿನಗಳ ನಂತರ ಬೂಲ್ ಮತ್ತು ಡೀಂಬರ್ಗರ್ ಸಮೀಪದ ಚೊಗೊಲಿಸಾ ಶಿಖರವನ್ನು ಏರುತ್ತಿದ್ದಾಗ ಬಿರುಗಾಳಿ ಎದ್ದು, ಹಿಂದಿರುಗಬೇಕಾಯಿತು. ಮಂಜು ಮುಸುಕಿದ ದಾರಿಯಲ್ಲಿ ಇಬ್ಬರೂ ಹಗ್ಗ ಕಟ್ಟಿಕೊಳ್ಳದೆ ನಡೆಯುತ್ತಿದ್ದರು. ಹಿಂದೆ ಬರುತ್ತಿದ್ದ ಬೂಲ್ ದಾರಿತಪ್ಪಿ, ಪ್ರಪಾತದ ಆಚೆಗೆ ಚಾಚಿಕೊಂಡಿದ್ದ ಹಿಮದ ಅಂಚಿನ ಮೇಲೆ ಕಾಲಿಟ್ಟಾಗ ಅದು ಮುರಿದುಬಿತ್ತು. ಅವರ ದೇಹ ದೊರೆಯಲೇ ಇಲ್ಲ. ಆಗ ಅವರಿಗೆ 32 ವರ್ಷ. ಪತ್ನಿ ಮತ್ತು ಮೂವರು ಪುತ್ರಿಯರನ್ನು ಅವರು ಅಗಲಿದರು.

ಮಹತ್ವ

ನೂರಾರು ಹೊರೆಯಾಳುಗಳ ದೊಡ್ಡ ದಂಡಯಾತ್ರೆಗಳೇ ರೂಢಿಯಾಗಿದ್ದ ಕಾಲದಲ್ಲಿ, ಕಡಿಮೆ ಸಲಕರಣೆಯೊಂದಿಗೆ ಕೆಲವೇ ಮಂದಿ ಮಹಾಶಿಖರಗಳನ್ನು ಏರಬಹುದೆಂದು ಬೂಲ್ ತೋರಿಸಿಕೊಟ್ಟರು. ಮುಂದಿನ ಪೀಳಿಗೆಯ ಅನೇಕ ಆರೋಹಿಗಳು ಈ ಮಾರ್ಗವನ್ನೇ ಹಿಡಿದರು. ನಂಗಾ ಪರ್ಬತ್‌ನಲ್ಲಿ ಅವರು ನೆಟ್ಟುಬಂದಿದ್ದ ಹಿಮಗೊಡಲಿ 1999ರಲ್ಲಿ ಜಪಾನಿನ ಆರೋಹಿಗಳಿಗೆ ದೊರೆಯಿತು.