ಕ್ಯಾಪ್ಟನ್ ಮ್ಯಾಥ್ಯೂ ವೆಬ್

ಬೆಂಗಳೂರಿನ ಪಶ್ಚಿಮಕ್ಕಿರುವ ಹೆಗ್ಗನಹಳ್ಳಿ ಇಂದು ಮನೆಗಳೂ ಕಾರ್ಖಾನೆಗಳೂ ಒತ್ತೊತ್ತಾಗಿ ತುಂಬಿರುವ ನಗರಭಾಗ. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. ಇಂತಹ ಊರುಗಳು ನಿಜವಾಗಿಯೂ ಹಳ್ಳಿಗಳಾಗಿದ್ದ ದಿನಗಳಲ್ಲಿ, ಬೇಸಗೆ ಬಂದಿತೆಂದರೆ ಹುಡುಗರ ಹಿಂಡು ಕೆರೆಗೋ ಬಾವಿಗೋ ಇಳಿಯುತ್ತಿತ್ತು. ಹೊಸಬರ ಸೊಂಟಕ್ಕೆ ಒಣಗಿದ ಸೋರೆಬುರುಡೆ. ಹಗ್ಗದ ತುದಿ ದಡದಲ್ಲಿ ನಿಂತ ಹಿರಿಯರ ಕೈಯಲ್ಲಿ. ನಾಲ್ಕು ದಿನ ನೀರು ಕುಡಿದು, ಐದನೆಯ ದಿನ ಬುರುಡೆಯನ್ನು ಬಿಚ್ಚಿಟ್ಟು ಆಚೆಯ ದಡವನ್ನು ಮುಟ್ಟಿದವನೇ ಆ ಬೇಸಗೆಯ ವೀರ. ಆಚೆಯ ದಡವನ್ನು ಮುಟ್ಟಬೇಕೆಂಬ ಇದೇ ಆಸೆ ಒಬ್ಬ ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದನ್ನು ಮ್ಯಾಥ್ಯೂ ವೆಬ್ಬನ ಜೀವನದಲ್ಲಿ ಕಾಣಬಹುದು.

ವೆಬ್ 1848ರ ಜನವರಿ 19ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಡಾಲಿ ಎಂಬ ಊರಿನಲ್ಲಿ ಜನಿಸಿದನು. ತಂದೆ ವೈದ್ಯ, ಮನೆಯ ತುಂಬ ಮಕ್ಕಳು. ಸಮೀಪದಲ್ಲಿ ಹರಿಯುತ್ತಿದ್ದ ಸೆವರ್ನ್ ನದಿಯೇ ಬಾಲಕನಿಗೆ ಈಜಿನ ಪಾಠಶಾಲೆಯಾಯಿತು. ಆ ನದಿಯಲ್ಲಿ ಮುಳುಗುತ್ತಿದ್ದ ಸ್ವಂತ ಸಹೋದರನನ್ನು ಹುಡುಗನಾಗಿದ್ದಾಗಲೇ ಆತನು ಎಳೆದು ತಂದು ಉಳಿಸಿದನು. 12ನೆಯ ವಯಸ್ಸಿನಲ್ಲಿ ನಾವಿಕರನ್ನು ತರಬೇತುಗೊಳಿಸುವ ಕಾನ್ವೇ ಎಂಬ ಹಡಗನ್ನು ಸೇರಿ, ಮುಂದೆ ವ್ಯಾಪಾರದ ಹಡಗುಗಳಲ್ಲಿ ಪೂರ್ವದೇಶಗಳವರೆಗೂ ಸಂಚರಿಸಿದನು.

1873ರಲ್ಲಿ ಆತನು ರಷ್ಯಾ ಎಂಬ ಹಡಗಿನಲ್ಲಿ ಅಧಿಕಾರಿಯಾಗಿದ್ದನು. ಅಟ್ಲಾಂಟಿಕ್ ಸಾಗರದ ನಡುವೆ ನಾವಿಕನೊಬ್ಬನು ಕಾಲುಜಾರಿ ನೀರಿಗೆ ಬಿದ್ದನು. ಹಡಗು ವೇಗವಾಗಿ ಚಲಿಸುತ್ತಿತ್ತು. ವೆಬ್ ಹಿಂದುಮುಂದು ನೋಡದೆ ಧುಮುಕಿದನು. ಬಿದ್ದವನು ಸಿಕ್ಕಲಿಲ್ಲ, ದೋಣಿಯೊಂದು ಬಂದು ಎತ್ತಿಕೊಳ್ಳುವವರೆಗೆ ಆ ಚಳಿನೀರಿನಲ್ಲಿ ವೆಬ್ ಒಬ್ಬನೇ ತೇಲುತ್ತಿದ್ದನು. ಈ ಸಾಹಸಕ್ಕೆ ಸ್ಟ್ಯಾನ್‌ಹೋಪ್ ಚಿನ್ನದ ಪದಕ ದೊರಕಿತು. ಆ ಪದಕವನ್ನು ಪಡೆದವರಲ್ಲಿ ಆತನೇ ಮೊದಲಿಗನು.

ಆ ಕಾಲದಲ್ಲಿಯೇ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಲು ಒಬ್ಬನು ಯತ್ನಿಸಿ ಸೋತ ಸುದ್ದಿಯನ್ನು ವೆಬ್ ಪತ್ರಿಕೆಯಲ್ಲಿ ಓದಿದನು. ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ನಡುವಣ ಈ ಕಡಲು ಅತಿ ಕಿರಿದಾದೆಡೆಯಲ್ಲಿ ಸುಮಾರು 34 ಕಿಲೋಮೀಟರ್ ಅಗಲವಿದೆ. ಆದರೆ ಕೆರೆಯ ಲೆಕ್ಕ ಇಲ್ಲಿ ನಡೆಯದು. ಕೆರೆಯ ನೀರು ನಿಂತಲ್ಲಿ ನಿಂತಿರುತ್ತದೆ. ಇಲ್ಲಿಯ ನೀರು ಸುಮಾರು 6 ಗಂಟೆಗೊಮ್ಮೆ ಉಬ್ಬರವಿಳಿತಗಳೊಡನೆ ದಿಕ್ಕನ್ನು ಬದಲಿಸಿ, ಈಜುವವನನ್ನು ಅಡ್ಡಡ್ಡವಾಗಿ ಸೆಳೆದೊಯ್ಯುತ್ತದೆ. ನಡುಬೇಸಗೆಯಲ್ಲಿಯೂ ನೀರು ತಣ್ಣಗೆ ಕೊರೆಯುತ್ತಿರುತ್ತದೆ. ವೆಬ್ ಹಡಗಿನ ಕೆಲಸವನ್ನು ಬಿಟ್ಟು ಅಭ್ಯಾಸಕ್ಕೆ ತೊಡಗಿದನು. 1875ರ ಆಗಸ್ಟ್ 12ರಂದು ಕೈಗೊಂಡ ಮೊದಲ ಪ್ರಯತ್ನ ಬಿರುಗಾಳಿಯಿಂದ ವಿಫಲವಾಯಿತು.

ಹನ್ನೆರಡು ದಿನಗಳ ಅನಂತರ, ಆಗಸ್ಟ್ 24ರ ಮಧ್ಯಾಹ್ನ, ಮೈಗೆಲ್ಲ ಕಡಲಪ್ರಾಣಿಯ ಎಣ್ಣೆಯನ್ನು ಬಳಿದುಕೊಂಡು ಡೋವರ್ ಬಂದರಿನ ಕಟ್ಟೆಯಿಂದ ಆತನು ಮತ್ತೆ ನೀರಿಗೆ ಹಾರಿದನು. ಜೊತೆಯಲ್ಲಿ ದೋಣಿಗಳು ಬಂದುವು. ಅವುಗಳನ್ನು ಹಿಡಿದು ದಣಿವಾರಿಸಿಕೊಳ್ಳುವ ಎಣಿಕೆ ಆತನಿಗಿರಲಿಲ್ಲ. ಕಪ್ಪೆಯಂತೆ ಕೈಕಾಲುಗಳನ್ನು ಚಾಚಿ ಒಂದೇ ಹದದಲ್ಲಿ ಈಜಿದನು. ಆಗಾಗ ದೋಣಿಯವರು ಆಹಾರ ಪಾನೀಯಗಳನ್ನು ನೀಡುತ್ತಿದ್ದರು. ಇರುಳಿನಲ್ಲಿ ಲೋಳೆಮೀನು ಕಚ್ಚಿ ಮೈ ಉರಿಯಿತು. ಎಲ್ಲಕ್ಕಿಂತ ಕಠಿನವಾದುದು ಕೊನೆಯ ಹಂತ. ಫ್ರಾನ್ಸಿನ ತೀರ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಕ್ಕುತ್ತಿರಲಿಲ್ಲ. ಸೆಳವು ಆತನನ್ನು ಸುಮಾರು 5 ಗಂಟೆಗಳ ಕಾಲ ದಡಕ್ಕೆ ಬಿಡಲೊಲ್ಲದು. ಅಂತೂ ಮರುದಿನ ಬೆಳಿಗ್ಗೆ ಕ್ಯಾಲೆಯ ಬಳಿ ಮರಳನ್ನು ಮೆಟ್ಟಿದಾಗ 21 ಗಂಟೆ 45 ನಿಮಿಷಗಳು ಕಳೆದಿದ್ದುವು. ಸೆಳವಿನಲ್ಲಿ ಅಂಕುಡೊಂಕಾಗಿ ಈಜಿದ ದೂರ 60 ಕಿಲೋಮೀಟರುಗಳನ್ನು ಮೀರಿತ್ತು. ಯಾವ ಸಾಧನದ ನೆರವೂ ಇಲ್ಲದೆ ಈ ಕಡಲನ್ನು ದಾಟಿದವರಲ್ಲಿ ಆತನೇ ಮೊದಲಿಗನು. ಇನ್ನೊಬ್ಬನು ಹಾಗೆ ದಾಟಲು 1911ರವರೆಗೆ ಕಾಯಬೇಕಾಯಿತು. ನಮ್ಮ ದೇಶದ ಮಿಹಿರ್ ಸೇನ್ 1958ರಲ್ಲಿಯೂ ಆರತಿ ಸಾಹಾ 1959ರಲ್ಲಿಯೂ ಇದೇ ನೀರನ್ನು ಗೆದ್ದರು.

ಇಂಗ್ಲೆಂಡ್ ವೆಬ್ಬನನ್ನು ಹೊತ್ತು ಮೆರೆಸಿತು. ಬೆಂಕಿಪೆಟ್ಟಿಗೆಗಳ ಮೇಲೂ ಆತನ ಚಿತ್ರ ಮುದ್ರಿತವಾಯಿತು. ಆದರೆ ಹೊಗಳಿಕೆ ಹೊಟ್ಟೆಯನ್ನು ತುಂಬದು. ನಾವಿಕವೃತ್ತಿಯನ್ನು ಆತನು ಮೊದಲೇ ತೊರೆದಿದ್ದನು. ಪಂದ್ಯಗಳೂ ಪ್ರದರ್ಶನಗಳೂ ಜೀವನೋಪಾಯವಾದುವು. ಗಾಜಿನ ಕೊಳದಲ್ಲಿ ಹಗಲಿರುಳು ತೇಲುತ್ತ, ಹಣ ಕೊಟ್ಟು ಬಂದವರ ನೋಟಕ್ಕೆ ಗುರಿಯಾಗಬೇಕಾಯಿತು. ಸಾಗರಕ್ಕೆ ಹಾರಿ ಜೀವವುಳಿಸಲು ಹೋದವನಿಗೆ ಇದು ಒಪ್ಪುವ ಕೆಲಸವಾಗಿರಲಿಲ್ಲವೆಂದೇ ತೋರುತ್ತದೆ. 1880ರಲ್ಲಿ ವಿವಾಹವಾಗಿ, ಇಬ್ಬರು ಮಕ್ಕಳಾದರು. ಖರ್ಚು ಬೆಳೆಯಿತು, ಜನರ ಕುತೂಹಲ ಇಳಿಯಿತು.

ಆಗ ಆತನ ದೃಷ್ಟಿ ಅಮೆರಿಕದ ನಯಾಗರದ ಮೇಲೆ ಬಿದ್ದಿತು. ಈರಿ ಸರೋವರದ ನೀರು ಅಲ್ಲಿ ಜಲಪಾತವಾಗಿ ಧುಮುಕಿ, ಇಕ್ಕಟ್ಟಾದ ಕಂದರದಲ್ಲಿ ನುಗ್ಗಿ, ದೊಡ್ಡ ಸುಳಿಯೊಂದನ್ನು ಹಾದು ಒಂಟಾರಿಯೊ ಸರೋವರದ ಕಡೆಗೆ ಹರಿಯುತ್ತದೆ. ಜಲಪಾತದ ಕೆಳಗಿನ ಆ ಕಂದರವನ್ನೂ ಸುಳಿಯನ್ನೂ ಈಜಿ ದಾಟಿದರೆ ಹಣ ಬಂದೀತೆಂದು ಆತನು ನಂಬಿದನು. ಬಲ್ಲವರು ಬೇಡವೆಂದರು. 1883ರ ಜುಲೈ 24ರ ಸಂಜೆ ಸಣ್ಣ ದೋಣಿಯೊಂದರಿಂದ ಆತನು ನದಿಗೆ ಹಾರಿದನು. ದಡದಲ್ಲಿದ್ದವರಿಗೆ ಮೊದಲ ಅಲೆಗಳ ನಡುವೆ ಆತನ ತಲೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಇಲ್ಲಿ ಹಗ್ಗದ ತುದಿಯನ್ನು ಹಿಡಿದವರು ಯಾರೂ ಇರಲಿಲ್ಲ. ನಾಲ್ಕು ದಿನಗಳ ಮೇಲೆ ಕೆಳಗಣ ನೀರಿನಲ್ಲಿ ಶವ ದೊರಕಿತು. ಆಗ ಆತನಿಗೆ 35 ವರ್ಷ.

ನಯಾಗರ ಪಟ್ಟಣದ ಓಕ್‌ವುಡ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಹುಟ್ಟೂರಾದ ಡಾಲಿಯಲ್ಲಿ 1909ರಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಅದನ್ನು ಅನಾವರಣ ಮಾಡಿದವನು ಆತನ ಸಹೋದರ ಥಾಮಸ್.