ನೀಲಿ ಬಣ್ಣದ ಹಿಂದಿನ ಸುಬ್ಬರಾವ್

ಬಯೋಟೆಕ್ನಾಲಜಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಇಲ್ಲಿಗೆ ಎಂ.ಎಸ್. ಮಾಡಲು ಬಂದ ನಮ್ಮಂಥವರು ಈ ಹೆಸರನ್ನು ಮೊದಲು ಬರೆದದ್ದು ಊರಿನ ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದಲ್ಲಿ. ಫಾಸ್ಪರಸ್ ಎಷ್ಟಿದೆ ಅಂತ ಅಳೆಯುವ ಪ್ರಯೋಗ ಅದು. ಟೆಸ್ಟ್ ಟ್ಯೂಬಿಗೆ ಮಾಲಿಬ್ಡೇಟ್ ಹಾಕಿ, ಆಮೇಲೆ ಇನ್ನೊಂದು ದ್ರಾವಣ ಹಾಕಿ ಸ್ವಲ್ಪ ಹೊತ್ತು ಕಾದರೆ ನೀಲಿ ಬಣ್ಣ ಬರುತ್ತೆ. ಬಣ್ಣ ಗಾಢವಾದಷ್ಟೂ ಫಾಸ್ಪರಸ್ ಹೆಚ್ಚು. ಪ್ರಯೋಗದ ಹೆಸರು ಫಿಸ್ಕ್–ಸುಬ್ಬರಾವ್ ವಿಧಾನ. ರೀಡಿಂಗ್ ಬರೆದು, ಗ್ರಾಫ್ ಎಳೆದು, ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ಓಡಿದ್ದೆವು. ಈ ಸುಬ್ಬರಾವ್ ಯಾರು ಅಂತ ನಾವೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇಲ್ಲಿ ಔಷಧ ಸಂಶೋಧನೆಯ ಕೋರ್ಸಿನಲ್ಲಿ ಮೆಥೊಟ್ರೆಕ್ಸೇಟ್ ಪಾಠ ಬಂದಾಗ ಅದೇ ಹೆಸರು ಮತ್ತೆ ಎದುರಾಯಿತು. ಆಗ ಹುಡುಕಿ ಓದಿದೆವು.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ತೆಲುಗು ಮಾತಾಡುವ ಬಡ ಕುಟುಂಬ, ಮನೆ ತುಂಬ ಮಕ್ಕಳು. ಅಪ್ಪ ಕಾಯಿಲೆಯಿಂದ ಅವಧಿಗೆ ಮೊದಲೇ ಕೆಲಸ ಬಿಟ್ಟವರು. ಹುಡುಗನಿಗೆ ಓದಿನ ಮೇಲೆ ಮನಸ್ಸಿರಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡೋಣ ಅಂತ ಹದಿಮೂರನೇ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ್ದ. ಹಿಡಿದು ತಂದರು. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೇ ಸಲ. ತಾಯಿ ವೆಂಕಮ್ಮ ಒಡವೆ ಮಾರಿ ಮದ್ರಾಸಿನಲ್ಲಿ ಓದಿಸಿದರು. ನಮ್ಮ ಮನೆಗಳಲ್ಲಿ ಶಿಕ್ಷಣ ಸಾಲದ ಕಂತಿನ ಲೆಕ್ಕ ನಡೆಯುವಾಗಲೆಲ್ಲ ಈ ವೆಂಕಮ್ಮನ ನೆನಪಾಗುತ್ತೆ.

ಹುಡುಗನಿಗೆ ಸನ್ಯಾಸಿಯಾಗುವ ಆಸೆಯೂ ಇತ್ತು. ರಾಮಕೃಷ್ಣ ಮಿಷನ್ನಿನವರು ವೈದ್ಯಕೀಯ ಓದುವಂತೆ ಹೇಳಿ ಕಳಿಸಿದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಬೇರೆ ತಾಪತ್ರಯ. ಗಾಂಧೀಜಿಯ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಗೆ ಖಾದಿ ಬಟ್ಟೆಯ ಗೌನ್ ತೊಟ್ಟದ್ದು ಇಂಗ್ಲಿಷ್ ಪ್ರೊಫೆಸರಿಗೆ ಹಿಡಿಸಲಿಲ್ಲ. ಕೊನೆಗೆ ಕೈಗೆ ಬಂದದ್ದು ಪೂರ್ತಿ ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ. ಸರ್ಕಾರಿ ಕೆಲಸ ಸಿಗಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿಕೊಂಡರು.

ಈ ನಡುವೆ ಮನೆಯಲ್ಲಿ ಎರಡು ಸಾವು. ಇಬ್ಬರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ಊಟ ಮೈಗೆ ಹತ್ತದೆ, ಭೇದಿ ನಿಲ್ಲದೆ, ರಕ್ತ ತೆಳುವಾಗಿ ಮನುಷ್ಯ ಸವೆದುಹೋಗುವ ಕಾಯಿಲೆ. ನಮ್ಮ ಕಡೆ ಹಳಬರು ಸಂಗ್ರಹಣಿ ಅಂತಿದ್ದರಲ್ಲ, ಆ ಬಗೆಯದು. ಸುಬ್ಬರಾವ್‌ಗೂ ಅದೇ ಹಿಡಿಯಿತು. ಅವರನ್ನು ಉಳಿಸಿದ್ದು ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆ. ಯಾಕೆ ವಾಸಿಯಾಯಿತು ಅಂತ ಅವತ್ತು ಯಾರಿಗೂ ಗೊತ್ತಿರಲಿಲ್ಲ.

1919ರಲ್ಲಿ ಮದುವೆಯಾಗಿತ್ತು, ಹೆಂಡತಿ ಶೇಷಗಿರಿ. ಅಮೆರಿಕಕ್ಕೆ ಹೋಗುವ ಖರ್ಚಿಗೆ ಕೈಹಿಡಿದವರಲ್ಲಿ ಮಾವನವರೇ ಮುಖ್ಯ. ಓದು ಮುಗಿಸಿ ಬರುತ್ತೇನೆ ಅಂತ ಹೊರಟ ಅಳಿಯ 1922ರ ಅಕ್ಟೋಬರ್ ಕೊನೆಯಲ್ಲಿ ಬಾಸ್ಟನ್‌ನಲ್ಲಿ ಇಳಿದರು. ಸೇರಿದ್ದು ಹಾರ್ವರ್ಡ್‌ನ ಉಷ್ಣವಲಯದ ರೋಗಗಳ ಶಾಲೆಗೆ. ಎಲ್.ಎಂ.ಎಸ್. ಇದ್ದವರಿಗೆ ಅಲ್ಲಿ ವೈದ್ಯನ ಕೆಲಸ ಎಲ್ಲಿಂದ? ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪೋರ್ಟರ್ ಆದರು. ಹಗಲು ಕ್ಲಾಸು, ರಾತ್ರಿ ವಾರ್ಡಿನ ಚಾಕರಿ. ಮರುವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವೀಸಾ ಸುದ್ದಿ ಬಂದರೆ ಎಲ್ಲರ ನಿದ್ದೆ ಹಾಳಾಗುತ್ತೆ. ಅವರ ಪಾಲಿಗೆ ಬಾಗಿಲೇ ಇರಲಿಲ್ಲ.

ಡಿಪ್ಲೊಮಾ ಮುಗಿಸಿ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗಕ್ಕೆ ಬಂದರು. ಅಲ್ಲಿ ಸೈರಸ್ ಫಿಸ್ಕ್ ಎಂಬ ಪ್ರೊಫೆಸರರ ಜೊತೆ ಕೆಲಸ. ರಕ್ತ, ಮೂತ್ರಗಳಲ್ಲಿ ಫಾಸ್ಪರಸ್ ಅಳೆಯಲು ಇದ್ದ ವಿಧಾನಗಳು ನಂಬುವ ಹಾಗಿರಲಿಲ್ಲ. ಬಣ್ಣ ಬರುವುದು ನಿಧಾನ, ಬಂದರೂ ನಿಲ್ಲುತ್ತಿರಲಿಲ್ಲ. ಇಬ್ಬರೂ ಸೇರಿ ಸರಿಯಾದ ರಾಸಾಯನಿಕವನ್ನು ಹುಡುಕಿದರು, 1925ರಲ್ಲಿ ವಿಧಾನ ಪ್ರಕಟವಾಯಿತು. ನಮ್ಮ ಟೆಸ್ಟ್ ಟ್ಯೂಬಿನ ನೀಲಿ ಅದೇ.

ಬರೀ ಅಳತೆಯ ವಿಧಾನ ತಾನೇ ಅನ್ನಿಸಬಹುದು, ನಮಗೂ ಹಾಗೇ ಅನ್ನಿಸಿತ್ತು. ಆದರೆ ಅಳೆಯಲು ಬಂದದ್ದರಿಂದಲೇ ಮುಂದಿನದು ಕಂಡದ್ದು. ಸ್ನಾಯುವಿನ ಸಾರವನ್ನು ಈ ವಿಧಾನದಲ್ಲಿ ಅಳೆಯಲು ಹೋದಾಗ ಬಣ್ಣ ಸಾಮಾನ್ಯ ಫಾಸ್ಫೇಟಿನ ಹಾಗೆ ಬರಲಿಲ್ಲ, ತಡವಾಗಿ ಬಂತು. ಏನೋ ತಪ್ಪಾಗಿದೆ ಅಂತ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಸುಲಭವಾಗಿ ಒಡೆಯುವ ಯಾವುದೋ ಫಾಸ್ಪರಸ್ ಸಂಯುಕ್ತ ಅಲ್ಲಿದೆ ಅಂತ ಬೆನ್ನುಹತ್ತಿ 1927ರಲ್ಲಿ ಫಾಸ್ಫೊಕ್ರಿಯಾಟಿನ್ ಹೊರತೆಗೆದರು. ಅದೇ ಸಮಯಕ್ಕೆ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗೂ ಅದು ಸಿಕ್ಕಿತ್ತು. ಎರಡು ವರ್ಷದ ಬಳಿಕ, 1929ರಲ್ಲಿ, ಎಟಿಪಿ. ಜೀವಕೋಶದ ಶಕ್ತಿಯ ಚಿಲ್ಲರೆ ಹಣ ಅಂತ ಪಿಯುಸಿಯಲ್ಲಿ ಓದಿದ್ದೆವಲ್ಲ, ಅದು. ಇಲ್ಲೂ ಜರ್ಮನಿಯ ಕಾರ್ಲ್ ಲೋಮನ್ ಬೇರೆಯಾಗಿ ಅದನ್ನೇ ಕಂಡುಹಿಡಿದಿದ್ದರು, ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಅವರ ಹೆಸರೇ. ಸ್ನಾಯುವಿನ ಶಕ್ತಿಯೆಲ್ಲ ಲ್ಯಾಕ್ಟಿಕ್ ಆಮ್ಲದ ಮೇಲೆ ನಿಂತಿದೆ ಎಂಬ ಅಂದಿನ ನಂಬಿಕೆ ಈ ಎರಡು ಶೋಧಗಳಿಂದ ಅಲುಗಿತು.

1930ರಲ್ಲಿ ಪಿಎಚ್.ಡಿ. ಆಮೇಲೆ ಹತ್ತು ವರ್ಷ ಅದೇ ವಿಭಾಗದಲ್ಲಿ ಕೆಳಹಂತದ ಹುದ್ದೆಗಳು. ಕಾಯಂ ಆಗಲಿಲ್ಲ. ಅದೇ ವಿಭಾಗದಲ್ಲಿ ಓದಿದ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಎಷ್ಟೋ ವರ್ಷಗಳ ನಂತರ ಒಂದು ಮಾತು ಹೇಳಿದ್ದಾರೆ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡ್‌ಗಳನ್ನು ಬೇರೆಯವರು ಹೊಸದಾಗಿ ಕಂಡುಹಿಡಿಯಬೇಕಾಯಿತು, ಫಿಸ್ಕ್ ಅವರ ಅಸೂಯೆಯಿಂದ ಆ ಕೆಲಸ ಹೊರಬರಲಿಲ್ಲ ಎಂಬುದು ಅದರ ಸಾರ. ಆದರೂ ಎಲ್ಲವನ್ನೂ ಫಿಸ್ಕ್ ತಲೆಗೆ ಕಟ್ಟುವುದು ನಮಗೆ ಸರಿ ಕಾಣಲಿಲ್ಲ. ತನ್ನ ಕೆಲಸವನ್ನು ತಾನೇ ಸಾರಿಕೊಳ್ಳುವ ಸ್ವಭಾವ ಸುಬ್ಬರಾವ್ ಅವರದ್ದೂ ಅಲ್ಲ. ಮುಂದೆ ಫೋಲಿಕ್ ಆಮ್ಲದ ತಯಾರಿಕೆಯನ್ನು ಪ್ರಕಟಿಸಿದ ಪ್ರಬಂಧದಲ್ಲಿ 16 ಹೆಸರುಗಳಿವೆ, ಇಡೀ ತಂಡವನ್ನು ನಡೆಸಿದವರ ಹೆಸರು ಮಧ್ಯದಲ್ಲೆಲ್ಲೋ ಇದೆ.

1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯಕ್ಕೆ ಹೋದರು. ವಿಶ್ವವಿದ್ಯಾಲಯದಿಂದ ಕಂಪನಿಗೆ. ಅಲ್ಲಿ ಸಂಶೋಧನೆಯ ನಿರ್ದೇಶಕರಾದರು. ಅವರ ಬದುಕಿನ ಮುಖ್ಯ ಕೆಲಸವೆಲ್ಲ ಉಳಿದ ಎಂಟು ವರ್ಷಗಳಲ್ಲೇ ಆದದ್ದು.

ಜೊತೆಗೆ ಒಯ್ದದ್ದು ಹಾರ್ವರ್ಡ್‌ನಲ್ಲೇ ಶುರುಮಾಡಿದ್ದ ಲಿವರ್ ಸಾರದ ಕೆಲಸ. ಪರ್ನಿಶಿಯಸ್ ಅನೀಮಿಯಾ ಎಂಬ ಮಾರಕ ರಕ್ತಹೀನತೆಗೆ ಲಿವರ್ ತಿನ್ನಿಸಿದರೆ ಗುಣವಾಗುತ್ತದೆ ಅಂತ ಆಗ ಗೊತ್ತಾಗಿತ್ತು. ಲಿವರಿನಲ್ಲಿರುವ ಆ ವಸ್ತು ಯಾವುದು? ಅದನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬೇರೆಯದು, ಫೋಲಿಕ್ ಆಮ್ಲ. ಇದರ ಸುಳಿವು ಮೊದಲು ಸಿಕ್ಕಿದ್ದು ನಮ್ಮ ದೇಶದಲ್ಲೇ. ಬೊಂಬಾಯಿಯ ಬಸುರಿ ಹೆಂಗಸರ ರಕ್ತಹೀನತೆ ಯೀಸ್ಟಿನಿಂದ ಮಾಡಿದ ಮಾರ್ಮೈಟ್ ತಿಂದರೆ ವಾಸಿಯಾಗುತ್ತೆ ಅಂತ ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲಿ ಬರೆದಿದ್ದರು. ಲಿವರಿನಲ್ಲಿ ಈ ವಸ್ತು ಇರುವುದು ಅತಿ ಸ್ವಲ್ಪ. ಸುಬ್ಬರಾವ್ ಅವರ ತಂಡ ಅದನ್ನು ಬೇರ್ಪಡಿಸಿ, ರಚನೆ ಬಿಡಿಸಿ, 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು.

ಅವರು ಹುಡುಕಿ ಹೊರಟ ವಸ್ತು ಬಿ12. ಅದನ್ನು 1948ರಲ್ಲಿ ಬೇರೆ ಕಂಪನಿಗಳ ತಂಡಗಳು ಹಿಡಿದವು, ಆ ಓಟದಲ್ಲಿ ಸುಬ್ಬರಾವ್ ಸೋತರು. ಪರ್ನಿಶಿಯಸ್ ಅನೀಮಿಯಾದಲ್ಲಿ ಫೋಲಿಕ್ ಆಮ್ಲ ರಕ್ತವನ್ನು ಸರಿಮಾಡುತ್ತೆ, ನರಗಳ ಹಾನಿಯನ್ನು ತಡೆಯೋಲ್ಲ. ಆದರೆ ಕ್ಯೂಬಾದಲ್ಲಿ ಟಾಮ್ ಸ್ಪೈಸ್ ಎಂಬ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ಅವರು ಚೇತರಿಸಿಕೊಂಡರು. ಹೌದು, ಅದೇ ಸ್ಪ್ರೂ. ಅಣ್ಣತಮ್ಮಂದಿರು ಸತ್ತು ಎರಡು ದಶಕ ಕಳೆದಿತ್ತು. ಇವತ್ತು ನಮ್ಮೂರಲ್ಲಿ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇರುವುದೂ ಈ ಫೋಲಿಕ್ ಆಮ್ಲವೇ.

ಕಥೆ ಇಲ್ಲಿ ತಿರುಗುತ್ತೆ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟು ನೋಡಿದರು. ರೋಗ ಕಡಿಮೆಯಾಗುವ ಬದಲು ಜೋರಾದ ಹಾಗೆ ಕಂಡಿತು. ಹಾಗಾದರೆ ಕ್ಯಾನ್ಸರ್ ಕೋಶಕ್ಕೂ ಇದೇ ಆಹಾರ ಬೇಕು ಅಂತಾಯಿತು. ಆ ಆಹಾರದಂತೆಯೇ ಕಾಣುವ, ಆದರೆ ಉಪಯೋಗಕ್ಕೆ ಬಾರದ ಒಂದು ಅಣುವನ್ನು ಕೊಟ್ಟರೆ? ಅಂಥ ಅಣುಗಳನ್ನು ಮಾಡಿಕೊಟ್ಟದ್ದು ಸುಬ್ಬರಾವ್ ಅವರ ಲ್ಯಾಬು. ಫೋಲಿಕ್ ಆಮ್ಲದ ಒಂದು ಜಾಗದಲ್ಲಿ ಹೈಡ್ರಾಕ್ಸಿಲ್ ತೆಗೆದು ಅಮೈನೊ ಕೂರಿಸಿದರೆ ಅಮೈನೊಪ್ಟೆರಿನ್. ಅದರ ಮೇಲೆ ಇನ್ನೊಂದು ಮೀಥೈಲ್ ಸೇರಿಸಿದರೆ ಮೆಥೊಟ್ರೆಕ್ಸೇಟ್. ಬೀಗಕ್ಕೆ ಹೋಗುವ, ಆದರೆ ತಿರುಗದೆ ಒಳಗೇ ಸಿಕ್ಕಿಕೊಳ್ಳುವ ಕೀಲಿ. ಯಾವ ಕಿಣ್ವಕ್ಕೆ ಅದು ಸಿಕ್ಕಿಕೊಳ್ಳುತ್ತೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಈಗ ನಾವು ಮೊದಲು ಕಿಣ್ವದ ರಚನೆಯನ್ನು ಕಂಪ್ಯೂಟರಿನಲ್ಲಿಟ್ಟುಕೊಂಡು ಆಮೇಲೆ ಅಣು ಹುಡುಕುತ್ತೇವೆ. ಅವರು ಬೀಗವನ್ನೇ ನೋಡದೆ ಕೀಲಿ ಮಾಡಿದರು.

1948ರ ಜೂನ್‌ನಲ್ಲಿ ಫಾರ್ಬರ್ ಪ್ರಬಂಧ ಬಂತು. ಅಮೈನೊಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲಕ್ಕಾದರೂ ಚೇತರಿಸಿಕೊಂಡಿದ್ದರು. ಸ್ವಲ್ಪ ಕಾಲಕ್ಕೆ ಮಾತ್ರ, ನಿಜ. ಆದರೆ ಅಲ್ಲಿಯವರೆಗೆ ಆ ಮಕ್ಕಳ ತಂದೆತಾಯಿಗೆ ಯಾವ ವೈದ್ಯರೂ ಆ ಭರವಸೆಯನ್ನೂ ಕೊಡಲು ಆಗುತ್ತಿರಲಿಲ್ಲ. ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ, ಕ್ಯಾನ್ಸರಿಗೂ, ಸಂಧಿವಾತಕ್ಕೂ. ನಮ್ಮಲ್ಲೊಬ್ಬರ ಅಜ್ಜಿ ಬೆರಳಿನ ಗಂಟುನೋವಿಗೆ ವಾರಕ್ಕೊಂದು ದಿನ ತಗೊಳ್ಳುವ ಮಾತ್ರೆಯೂ ಇದೇ ಅಂತ ಈ ಲೇಖನ ಬರೆಯುವಾಗ ಗೊತ್ತಾಯಿತು. ಫೋನಿನಲ್ಲಿ ಹೇಳಿದರೆ ಅಜ್ಜಿ, ಹೌದೇನೋ, ಅಂತ ಹೇಳಿ ಊಟ ಆಯ್ತಾ ಅಂತ ಕೇಳಿದರಂತೆ.

ಇದೇ ವರ್ಷಗಳಲ್ಲಿ ಇನ್ನೆರಡು ಕೆಲಸ. ಯುದ್ಧಕ್ಕೆ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯಾ ಹುಳುವಿನ ಸೋಂಕು ತಗುಲಿತ್ತು. ಪೈಪರಜೀನ್ ಜಾತಿಯ ಸಂಯುಕ್ತಗಳನ್ನು ಹತ್ತಿಯಿಲಿಗಳ ಮೇಲೆ ಪರೀಕ್ಷಿಸುತ್ತ 1947ರಲ್ಲಿ ಲೆಡರ್ಲಿಯವರು ಹೆಟ್ರಜಾನ್ ಅಂದರೆ ಡಿಇಸಿ ಹೊರತಂದರು. ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆನೆಕಾಲು ರೋಗ ತಡೆಯಲು ಕಲಬುರಗಿ, ಬೀದರ್, ಯಾದಗಿರಿ ಕಡೆ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿಗೇ ನುಂಗಿಸಿ ಹೋಗುತ್ತಿದ್ದ ಮಾತ್ರೆಗಳಲ್ಲಿ ಒಂದು ಅದು. ನುಂಗದೆ ಕಿಸೆಗೆ ಹಾಕಿಕೊಂಡವರೂ ನಮ್ಮಲ್ಲಿದ್ದಾರೆ, ಹೆಸರು ಬೇಡ. ಇನ್ನೊಂದು ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆ್ಯಂಟಿಬಯೋಟಿಕ್. ಮಿಸೌರಿಯ ಹೊಲವೊಂದರ ಮಣ್ಣಿನಿಂದ ಅದನ್ನು ಪಡೆದವರು ಬೆಂಜಮಿನ್ ಡಗ್ಗರ್. ವಿಶ್ವವಿದ್ಯಾಲಯದಿಂದ ನಿವೃತ್ತರಾದ ಆ ಹಿರಿಯರು ಕೆಲಸ ಮಾಡುತ್ತಿದ್ದದ್ದು ಸುಬ್ಬರಾವ್ ಅವರ ವಿಭಾಗದಲ್ಲಿ.

ಅವರ ಸಾಧನೆಯ ಪಟ್ಟಿ ಎಲ್ಲ ಕಡೆ ಸಿಗುತ್ತೆ. ನಮ್ಮ ಗುಂಪಿನಲ್ಲಿ ಜಗಳಕ್ಕೆ ಕಾರಣವಾದದ್ದು ಶೇಷಗಿರಿಯವರ ವಿಷಯ. ಗಂಡ ಬಾಸ್ಟನ್‌ನಲ್ಲಿದ್ದಾಗ ಇನ್ನೂ ವರ್ಷ ತುಂಬದ ಮಗು ಸೋಂಕಿನಿಂದ ತೀರಿಕೊಂಡಿತು. ಇಪ್ಪತ್ತಾರು ವರ್ಷ ಗಂಡ ಬರಲೇ ಇಲ್ಲ, ಆಕೆಯನ್ನು ಕರೆಸಿಕೊಳ್ಳಲೂ ಇಲ್ಲ. ಕಾನೂನು, ದುಡ್ಡು, ಯುದ್ಧ, ಎಲ್ಲ ಕಾರಣಗಳೂ ಇದ್ದವು ಅಂತ ಕೆಲವರು ಅಂದರು. ಲೆಡರ್ಲಿಯಲ್ಲಿ ಸಂಬಳ ಬಂದ ಮೇಲೆ ವಿಮಾನ ಓಡಿಸಲು ಕಲಿತವರಿಗೆ ಹಡಗಿನ ಟಿಕೆಟ್ ಕಷ್ಟವಿತ್ತೇ ಅಂತ ಉಳಿದವರು ಕೇಳಿದರು. ನಾವು ಒಮ್ಮತಕ್ಕೆ ಬರಲಿಲ್ಲ. ಇಬ್ಬರು ಅವತ್ತೇ ರಾತ್ರಿ ಡಿಸೆಂಬರಿಗೆ ಊರಿನ ಟಿಕೆಟ್ ಬುಕ್ ಮಾಡಿದರು.

1946ರಲ್ಲಿ ಕಾನೂನು ಬದಲಾಗಿ ಭಾರತೀಯರೂ ಅಮೆರಿಕದ ಪೌರರಾಗಬಹುದು ಅಂತಾಯಿತು. ಅರ್ಹತೆ ಇದ್ದರೂ ಸುಬ್ಬರಾವ್ ಪೌರತ್ವದ ಕೆಲಸವನ್ನು ಪೂರ್ತಿ ಮಾಡಲಿಲ್ಲ. 1948ರ ಜುಲೈನಲ್ಲಿ ಆರಿಯೊಮೈಸಿನ್ ವಿಷಯವನ್ನು ವಿಜ್ಞಾನಿಗಳ ಸಭೆಯಲ್ಲಿ ಪ್ರಕಟಿಸಿದರು. ಮುಂದಿನ ತಿಂಗಳು, ಆಗಸ್ಟ್ 9ರ ಬೆಳಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ವಯಸ್ಸು 53. ಅವರ ದೇಶ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ, ಆ ಸ್ವತಂತ್ರ ದೇಶವನ್ನು ಅವರು ನೋಡಿರಲಿಲ್ಲ. ಭಾರತದ ಅಂಚೆ ಇಲಾಖೆ ಅವರ ಚಿತ್ರದ ಸ್ಟ್ಯಾಂಪು ತಂದದ್ದು 1995ರಲ್ಲಿ.